ಚಿಗವ್ವನ ಬದಿ

ಕಳೆದ ವಾರ ಮೂಡಲಗಿಯ ನಮ್ಮ ಮನೆಯಲ್ಲಿ ಹಳೆಯ ಟ್ರಂಕು ತೆಗೆದಾಗ ಡಾಂಬರು ಗುಳಿಗೆಯ ಘಾಟಿನ ಜೊತೆ ಒಂದು ಕ್ಯಾಸೆಟ್ಟು ಕೈಗೆ ಬಂತು. ಅದು ಅವ್ವನ ಪತ್ರ. ನಗಬೇಡಿ, ಖರೇನೇ ಪತ್ರ. ಅವ್ವನಿಗೂ ಹುಕ್ಕೇರಿಯಲ್ಲಿದ್ದ ಅವಳ ತಂಗಿಗೂ, ಅಂದರೆ ನಮ್ಮ ಚಿಗವ್ವನಿಗೂ, ಬರೆಯಲು ಬರುತ್ತಿರಲಿಲ್ಲ. ಬೇರೆಯವರ ಕೈಯಲ್ಲಿ ಬರೆಸಿದರೆ ಮನೆಯ ಮಾತು ಊರಿಗೆಲ್ಲ ಗೊತ್ತಾಗುತ್ತದೆಂದು ಇಬ್ಬರೂ ಟೇಪ್ ರೆಕಾರ್ಡರಿನ ಮುಂದೆ ಕೂತು ಮಾತಾಡಿ, ಕ್ಯಾಸೆಟ್ಟನ್ನು ಗುರುತಿನ ಬಸ್ ಕಂಡಕ್ಟರನ ಕೈಗೆ ಕೊಟ್ಟು ಕಳಿಸುತ್ತಿದ್ದರು. ಒಂದು ಬದಿ ಅವ್ವನದು, ಇನ್ನೊಂದು ಚಿಗವ್ವನದು. ಹಳೆಯ ಮಾತಿನ ಮೇಲೆಯೇ ಹೊಸ ಮಾತು ತುಂಬುತ್ತಿದ್ದರಿಂದ ವರ್ಷಗಟ್ಟಲೆ ನಡೆದ ಹರಟೆಯಲ್ಲಿ ಉಳಿದದ್ದು ಕೊನೆಯ ಎರಡು ಬದಿ ಮಾತ್ರ. ಎರಡೂ ಮನೆಗೆ ಫೋನು ಬಂದ ಮೇಲೆ ಚಿಗವ್ವ ಅದನ್ನು ನನಗೆ ಕೊಟ್ಟಿದ್ದಳು. ನಾನು ಕೇಳಿರಲಿಲ್ಲ. ಅಕ್ಕತಂಗಿಯರ ಮಾತಿಗೆ ಕಿವಿ ಕೊಡಲು ಮಕ್ಕಳಿಗೆ ಅಪ್ಪಣೆ ಇರಲಿಲ್ಲ. ಮುಂದೆ ಮನೆಯಲ್ಲಿ ಟೇಪ್ ರೆಕಾರ್ಡರೇ ಉಳಿಯಲಿಲ್ಲ.

ಅವ್ವ ಈಗಿಲ್ಲ. ಚಿಗವ್ವ ಇದ್ದಾಳೆ, ಆದರೆ ಗಂಟಲಿನ ಆಪರೇಷನ್ ಆದಾಗಿನಿಂದ ದನಿ ಇಲ್ಲ. ಎಲ್ಲವೂ ಕೈಸನ್ನೆಯಲ್ಲೇ.

ದನಿಗಳನ್ನು ಕಂಪ್ಯೂಟರಿಗೆ ಏರಿಸಿಕೊಡುವವರನ್ನು ಹುಡುಕಿ ಗೋಕಾಕಕ್ಕೆ ಹೋದೆ. ಸಾಲಿಯಲ್ಲಿ ಮಕ್ಕಳಿಗೆ ಕನ್ನಡ ಕಲಿಸಿದವಳು ನಾನು. ಯಂತ್ರದ ವಿಷಯದಲ್ಲಿ ಫ್ಯಾನು ಹಚ್ಚುವಷ್ಟು ಜಾಣೆ. ರೇಡಿಯೊ ರಿಪೇರಿಯ ಹಿರಿಯರೊಬ್ಬರು ಕ್ಯಾಸೆಟ್ಟು ಬಿಚ್ಚಿ ಒಳಗಿನ ಟೇಪಿನ ಪಟ್ಟಿಯನ್ನು ಬೆಳಕಿಗೆ ಹಿಡಿದರು.

"ಬಾಯಾರ, ಪಟ್ಟಿ ಭಾಳ ಮುಗ್ಗಲ ಹಿಡದೈತ್ರಿ. ಒಂದ ಸಲ ಓಡಬಹುದು. ಎರಡನೇ ಸಲದ ಮಾತು ನಾ ಕೊಡಂಗಿಲ್ಲ. ಯಾವ ಬದಿ ಮೊದಲ ಹಾಕಲಿ, ಹೇಳ್ರಿ."

ಅವ್ವನ ದನಿಗಾಗಿಯೇ ಹೋಗಿದ್ದೆ. ಆದರೆ ತನ್ನ ದನಿ ಕಳಕೊಂಡವಳೊಬ್ಬಳು ಹುಕ್ಕೇರಿಯಲ್ಲಿ ಕೂತಿದ್ದಾಳಲ್ಲ! "ಚಿಗವ್ವನ ಬದಿ ಹಾಕ್ರಿ" ಎಂದೆ.

ಅವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತರು. ಚಿಗವ್ವನ ಬದಿ ಪೂರ್ತಿ ಓಡಿತು. ಅವ್ವನದು ಮೂರು ನಿಮಿಷ ಓಡಿ ಪಟ್ಟಿ ಚೂರುಚೂರಾಯಿತು. ಸಂಜೆಯವರೆಗೆ ಅಂಟಿಸಲು ಹೆಣಗಿ, "ತಪ್ಪ ತಿಳಕೋಬ್ಯಾಡ್ರಿ" ಎಂದು ನನಗಿಂತ ಹೆಚ್ಚು ನೊಂದುಕೊಂಡರು. ಎರಡನ್ನೂ ಮೊಬೈಲಿಗೆ ಹಾಕಿಸಿಕೊಂಡು, ಆ ಮೂರು ನಿಮಿಷ ಉಳಿಸಿಕೊಟ್ಟವರಿಗೆ ಕೈಮುಗಿದು ಬಂದೆ.

ಚಿಗವ್ವನ ಜೊತೆಯೇ ಕೇಳೋಣವೆಂದು ಭಾನುವಾರದವರೆಗೆ ತಡೆದುಕೊಂಡೆ. ಹುಕ್ಕೇರಿಯ ಮನೆಯಲ್ಲಿ ಚಿಗವ್ವ, ಅವಳ ಸೊಸೆ ಮೆಂತ್ಯೆ ಪಲ್ಯೆಯ ಎಲೆ ಸೋಸುತ್ತಿದ್ದರು. ಸೊಸೆ ಆ ಮನೆಗೆ ಬಂದದ್ದು ಆಪರೇಷನ್ನಿನ ನಂತರ; ಅತ್ತೆಯ ದನಿಯನ್ನು ಒಮ್ಮೆಯೂ ಕೇಳಿದವಳಲ್ಲ. ಮೊಬೈಲು ನಡುವೆ ಇಟ್ಟು ಚಿಗವ್ವನ ಬದಿ ಹಚ್ಚಿದೆ.

"ಅಕ್ಕಾ, ನಿನ್ನ ಮಗಳು ಬಡದ ರೊಟ್ಟಿ ನಮ್ಮ ಎಮ್ಮಿನೂ ಮೂಸಿ ಬಿಟ್ಟೈತಿ. ಅಕಿನ್ನ ಕಾಲೇಜು ಬಿಡಿಸಿ ಲಗ್ನಾ ಮಾಡತೇನಿ ಅಂತಿ, ಯಾರ ಮನಿ ಹಾಳ ಮಾಡಾಕ? ಅಕಿ ನನ್ನ ಹಂತ್ಯಾಕ ಇರಲಿ. ಓದು ಮುಗಿಯೂತನಕಾ ನಾ ಕಳಸಂಗಿಲ್ಲ. ಸಿಟ್ಟ ಮಾಡ್ಕೊಂಡರ ಮಾಡ್ಕೋ!"

ನಾನು ಚಿಗವ್ವನ ಮನೆಯಲ್ಲಿದ್ದು ಕಾಲೇಜು ಓದುತ್ತಿದ್ದ ದಿನಗಳವು. ನನ್ನ ಅಂಕ ನೋಡಿ ಮನೆಯವರು ಓದು ಮುಂದುವರಿಸಲು ಬಿಟ್ಟರೆಂದು ಇಷ್ಟು ವರ್ಷ ಬೀಗಿದ್ದೆ. ನನ್ನನ್ನು ಉಳಿಸಿದ್ದು ಕೆಟ್ಟ ರೊಟ್ಟಿ, ಮತ್ತು ಈ ದೊಡ್ಡ ದನಿ.

"ಅತ್ತಿ, ಇದು ನಿಮ್ಮ ದನೀನ್ರಿ? ಇಷ್ಟ ಜೋರ!" ಸೊಸೆ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಿಗವ್ವನ ಭುಜಗಳು ಸದ್ದಿಲ್ಲದ ನಗೆಯಲ್ಲಿ ಕುಣಿಯುತ್ತಿದ್ದವು. ನಾನು ಕಾಲಿಗೆ ಬಿದ್ದರೆ ತಲೆಗೊಂದು ಮೊಟಕಿದಳು. ಆಮೇಲೆ ಮೊಬೈಲು ತೋರಿಸಿ ಬೆರಳು ತಿರುಗಿಸಿದಳು. ಅಕ್ಕನದು?

ಮೂರೇ ನಿಮಿಷ ಉಳಿದಿದೆ ಎಂದು ಹೇಳಿ ಅದನ್ನೂ ಹಚ್ಚಿದೆ. ಕಬ್ಬಿನ ಮಾತು, ಆಕಳು ಕರು ಹಾಕಿದ ಸುದ್ದಿ. ಆಮೇಲೆ ಅವ್ವ ಅನ್ನುತ್ತಾಳೆ: "ಆತು ತಗೋ, ನೀನ ಗೆದ್ದಿ. ಹುಡುಗೀನ ನಿನ್ನ ಉಡ್ಯಾಗ ಹಾಕೇನಿ, ತಂಗಿ. ಛಂದಂಗ ನೋಡ್ಕೋತಿ ಇಲ್ಲ?"

ಕೇಳಿ, ಉತ್ತರಕ್ಕೆ ಕಾದವಳಂತೆ ಅವ್ವ ಸುಮ್ಮನಾಗುತ್ತಾಳೆ. ಅಷ್ಟರಲ್ಲಿ ಚಿಗವ್ವ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, ಮೊಬೈಲಿನತ್ತ ಬಾಗಿ, ಹೌದು ಹೌದೆಂದು ಮತ್ತೆ ಮತ್ತೆ ತಲೆಯಾಡಿಸಿದಳು.