ಮೂರು ಇಸ್ಪೇಟು ಅಂದರೆ ಮೂರೇ

ನನ್ನ ಯಜಮಾನರು ಇಸ್ಪೀಟೆಲೆ ಜೋಡಿಸಿಕೊಳ್ಳುವುದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಹದಿಮೂರು ಎಲೆ ಕೈಗೆ ಬಂದ ಕೂಡಲೇ ಯಾರಾದರೂ ಜಾತಿ ಜಾತಿ ಬೇರೆ ಮಾಡಿ, ದೊಡ್ಡದರಿಂದ ಚಿಕ್ಕದಕ್ಕೆ ಬಿಡಿಸಿ ಹಿಡಿಯುತ್ತಾರೆ. ಇವರು ಎಕ್ಕವನ್ನು ಎರಡು ಪುಡಿ ಎಲೆಗಳ ಹಿಂದೆ ತುರುಕುತ್ತಾರೆ. ರಾಜ ಒಂದು ತುದಿಗೆ, ರಾಣಿ ಇನ್ನೊಂದು ತುದಿಗೆ. ಒಳ್ಳೆಯವೆಲ್ಲ ಪಕ್ಕಪಕ್ಕ ಕೂತರೆ ಯಾರದಾದರೂ ಕಣ್ಣು ಬಿದ್ದೀತಂತೆ. ಆಮೇಲೆ ಸ್ಕೂಟರ್ ಕೀಲಿಯಿಂದ ಕಿವಿ ಕೆರೆದುಕೊಂಡು, ಆ ಕೀಲಿಯನ್ನು ನನ್ನ ಟೀ ಲೋಟದ ಪಕ್ಕಕ್ಕೇ ಇಟ್ಟು, ಸತ್ತ ದನಿಯಲ್ಲಿ "ಪಾಸ್" ಅನ್ನುತ್ತಾರೆ.

ಮನೆಯಲ್ಲಿ ನಾನು ಅವರನ್ನು ನಮ್ಮ ಕಡೆಯ ಹೆಂಗಸರ ಹಾಗೆ ಮಾವ ಅಂತ ಕರೆದು, ನೀನು ಅಂತಲೇ ಮಾತಾಡುತ್ತೇನೆ. ಬರೆಯುವಾಗ ಅವರು ಅನ್ನುತ್ತಿದ್ದೇನೆ. ಇಷ್ಟಾದರೂ ಮರ್ಯಾದೆ ಇರಲಿ.

ಬ್ರಿಡ್ಜ್ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕು ಜನ ಕೂರುತ್ತಾರೆ, ಎದುರಿಗೆ ಕೂತವರು ನಮ್ಮ ಜೊತೆಯವರು. ಇಸ್ಪೇಟು, ಆರ್ಟಿನ್, ಡೈಮನ್, ಕ್ಲಾವರ್ ಅಂತ ಎಲೆಯ ಜಾತಿಯೂ ನಾಲ್ಕು. ಎಲೆ ಇಳಿಸುವುದಕ್ಕೆ ಮೊದಲು ಕೂಗಾಟ ನಡೆಯುತ್ತದೆ, ಹರಾಜಿನ ಹಾಗೆ. ನನ್ನ ಕೈಯಲ್ಲಿ ಏನಿದೆ ಎಂದು ಜೊತೆಯವರಿಗೆ ತಿಳಿಸಬೇಕು, ಆದರೆ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಒಂದು ಇಸ್ಪೇಟು, ಎರಡು ಆರ್ಟಿನ್ ಅನ್ನುವ ಆ ಕೂಗಿನಲ್ಲೇ ಎಲ್ಲವೂ ಬರಬೇಕು. ಎಕ್ಕಕ್ಕೆ ನಾಲ್ಕು ಪಾಯಿಂಟು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು. ಇಷ್ಟಿದ್ದರೆ ಈ ಕೂಗು ಎಂದು ಇಬ್ಬರೂ ಮೊದಲೇ ಒಪ್ಪಿಕೊಂಡಿರುತ್ತೀವಿ. ಇಬ್ಬರ ಕೈಯೂ ಸೇರಿ ಹದಿಮೂರು ಸುತ್ತಿನಲ್ಲಿ ಎಷ್ಟು ಸುತ್ತು ಗೆಲ್ಲಬಹುದೋ ಸರಿಯಾಗಿ ಅಷ್ಟನ್ನು ಕೂಗಬೇಕು. ಕೂಗಿದ ಜಾತಿಯೇ ತುರುಪು, ಕೂಗಿದ ಅಂಕೆಗೆ ಆರು ಸೇರಿಸಿದರೆ ಗೆಲ್ಲಬೇಕಾದ ಸುತ್ತು, ಎರಡು ಇಸ್ಪೇಟು ಅಂದರೆ ಎಂಟು. ಕಡಿಮೆ ಕೂಗಿದರೆ ಬರಬೇಕಾದ ಅಂಕ ಬರುವುದಿಲ್ಲ, ಹೆಚ್ಚು ಕೂಗಿದರೆ ಮಣ್ಣು ಮುಕ್ಕಬೇಕು. ಜೊತೆಯವರ ಮಾತನ್ನು ನಂಬದೆ ಈ ಆಟ ಆಡಲಾಗದು.

ಯಜಮಾನರು ಮೆಟ್ಟೂರಿನ ಥರ್ಮಲ್ ಸ್ಟೇಷನ್ನಿನ ಕಂಟ್ರೋಲ್ ರೂಮಿನಲ್ಲಿ ಇದ್ದವರು. ಮೀಟರಿನ ಮುಳ್ಳು ಎರಡು ಗೆರೆಗಳ ನಡುವೆ ನಿಂತರೆ ಆ ನಡುವನ್ನೂ ಬರೆಯುವ ಮನುಷ್ಯ. ನಾನು ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಲೆಕ್ಕದ ಟೀಚರ್. ಅವರ ಕ್ಲಬ್ಬಿನ ನಾಲ್ವರಲ್ಲಿ ಒಬ್ಬರಿಗೆ ವರ್ಗವಾದಾಗ ಖಾಲಿ ಕುರ್ಚಿ ತುಂಬಲು ನನ್ನನ್ನು ಕರೆದುಕೊಂಡು ಹೋದರು. ಇಬ್ಬರೂ ರಿಟೈರ್ ಆದ ಮೇಲೂ ಭಾನುವಾರ ತಪ್ಪಿಸಿಲ್ಲ. ಆ ಕ್ಲಬ್ಬನ್ನು ವರ್ಣಿಸುವುದಕ್ಕೂ ನನಗೆ ವಾಕರಿಕೆ ಬರುತ್ತದೆ. ಬಜ್ಜಿ ಎಣ್ಣೆ ಹತ್ತಿ ಒಂದಕ್ಕೊಂದು ಅಂಟಿಕೊಳ್ಳುವ ಎಲೆಗಳು, ಬೆವರಿನ ಬೆನ್ನು ಒರಗಿ ಕಪ್ಪಾದ ಪ್ಲಾಸ್ಟಿಕ್ ಕುರ್ಚಿ, ಕಿಟಕಿ ತೆಗೆದರೆ ಫ್ಯಾಕ್ಟರಿಯ ಕೆಮಿಕಲ್ ಗಾಳಿ, ಮುಚ್ಚಿದರೆ ಗಂಡಸರ ಗಾಳಿ. ಒಂದು ಕೈ ಆಡಿ ಮುಗಿದ ಮೇಲೆ ಅದನ್ನೇ ಅರ್ಧ ಗಂಟೆ ಕೆದಕಿ ಕೆದಕಿ ಮಾತಾಡುತ್ತಾರೆ. ಅಷ್ಟಾದರೂ ನಾನು ಹೋಗುತ್ತಿದ್ದೆ, ಯಾಕೆಂದರೆ ಆಟ ಅಷ್ಟು ಚೆಂದ.

ಆ ಚೆಂದಕ್ಕೆ ಮಸಿ ಬಳಿಯುತ್ತಿದ್ದವರು ಎದುರಿಗೆ ಕೂತ ಈ ಮಹಾನುಭಾವರು. ಒಂದು ಸಲ ನಾನು ಒಂದು ಇಸ್ಪೇಟು ಅಂದೆ. ಅವರು ಎರಡು ಇಸ್ಪೇಟು ಅಂದರು. ನಮ್ಮ ಒಪ್ಪಂದದಲ್ಲಿ ಅದರರ್ಥ, ಇಸ್ಪೇಟಿಗೆ ಬೆಂಬಲವಿದೆ, ಆದರೆ ಬಡ ಕೈ, ಒಂಬತ್ತು ಪಾಯಿಂಟು ದಾಟುವುದಿಲ್ಲ. ನಾನು ಅಲ್ಲಿಗೇ ನಿಲ್ಲಿಸಿದೆ. ಕೂಗು ಗೆದ್ದವರ ಜೊತೆಯವರು ಎಲೆ ತೋರಿಸಿ ಕೂರಬೇಕು, ಹಾಗೆ ಅವರ ಎಲೆಗಳನ್ನು ಮೇಜಿನ ಮೇಲೆ ಬಿಡಿಸಿಟ್ಟರೆ ಎಕ್ಕ, ರಾಜ, ಮತ್ತೊಂದು ರಾಜ, ಎರಡು ರಾಣಿ, ಒಬ್ಬ ಗುಲಾಮ, ಒಟ್ಟು ಹದಿನೈದು ಪಾಯಿಂಟು! ಎಂಟು ಸುತ್ತು ಗೆಲ್ಲುತ್ತೀವಿ ಅಂದವರು ಹನ್ನೊಂದು ಗೆದ್ದು, ಹತ್ತು ಕೂಗಿದ್ದರೆ ಸಿಗುತ್ತಿದ್ದ ಗೇಮಿನ ದೊಡ್ಡ ಅಂಕ ಕಳೆದುಕೊಂಡು ಪೆಚ್ಚಾಗಿ ಕೂತೆವು. ಏನು ಸಾರ್, ನಿಧಿ ಹೂತಿಟ್ಟಿದ್ದೀರಲ್ಲ, ಎಂದು ಎದುರಾಳಿ ತಮಿಳಿನಲ್ಲಿ ಹೇಳಿ ನಕ್ಕ. ನನ್ನ ಮುಖ ಕೆಂಪಾಯಿತು.

ಮನೆಗೆ ಬಂದು ಕೇಳಿದೆ. "ಮಾವ, ಅದ್ನೈದು ಮಡಿಕ್ಕಂಡು ಎರ್ಡು ಅಂದ್ಯಲ್ಲ, ನಿಂಗೆ ಬುದ್ಧಿ ಐತಾ?"

"ಅದ್ಯಾಕ್ಲೇ ಅಂಗ್ ಕಿರುಚ್ತೀಯ? ಗೆದ್ವಲ್ಲ."

"ಗೇಮ್ ಓಯ್ತಲ್ಲ!"

"ಐತೆ ಐತೆ ಅಂತ ಊರ್ಗೆಲ್ಲ ಸಾರ್ಬೇಕಾ? ಇರಾದು ಎಲ್ಲಿಗ್ ಓಯ್ತದೆ? ಕೈಯಾಗೇ ಐತಲ್ಲ."

ಇದು ಅವರ ಮನೆತನದ ರೋಗ. ಪೆನ್ನಾಗರದಾಚೆಯ ಒಣ ಸೀಮೆಯಲ್ಲಿ ಕುರಿ ಕಾಯ್ದುಕೊಂಡು ಬಂದವರು ಅವರ ಕಡೆಯವರು. ಅಲ್ಲಿ ಯಾರೂ ತಮ್ಮ ಕುರಿ ಇಷ್ಟು ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ದೃಷ್ಟಿ ತಾಗಿ ಕುರಿ ಸಾಯುತ್ತವೆ. ಮದುವೆಯಾದ ಹೊಸದರಲ್ಲಿ, ಲೆಕ್ಕದ ಟೀಚರ್ ಅನ್ನುವ ಜಂಬದಲ್ಲಿ, ನಾನು ಕುರಿಹಟ್ಟಿಯ ಮುಂದೆ ನಿಂತು ಬೆರಳು ತೋರಿಸಿ ಒಂದು, ಎರಡು ಅಂತ ಜೋರಾಗಿ ಎಣಿಸಿದೆ. ಅತ್ತೆ ಓಡಿ ಬಂದು ನನ್ನ ಕೈಗೆ ಪಟ್ಟನೆ ಹೊಡೆದರು. ಥೂ ಥೂ ಎಂದು ಉಗಿದು, ಉಪ್ಪು ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿದರು. ಕೆಮ್ಮು ನಿಲ್ಲುವ ಹೊತ್ತಿಗೆ ಕುರಿ ಕೊಳ್ಳುವ ವ್ಯಾಪಾರಿ ಬಂದು ಎಷ್ಟವೆ ಎಂದು ಕೇಳಿದ. ಹಟ್ಟಿ ತುಂಬಿ ಬೇಲಿಯಾಚೆಗೂ ಕುರಿ ನಿಂತಿದ್ದವು. "ಏನೋ ಒಂದ್ ನಾಕ್ ಅವೆ ಕಣಪ್ಪ," ಅಂದರು ಅತ್ತೆ. ಅವನೂ ಅದನ್ನೇ ನಂಬಿದವನ ಹಾಗೆ ತಲೆಯಾಡಿಸಿ, ತಾನೇ ಒಂದು ಅಂದಾಜು ಮಾಡಿಕೊಂಡು ವ್ಯಾಪಾರಕ್ಕೆ ಕೂತ.

ಕುರಿಗೆ ಸರಿ ಅನ್ನೋಣ. ಇಸ್ಪೇಟಿನ ರಾಜನಿಗೆ ಯಾವ ರೋಗ ಬರುತ್ತದೆ?

ಬೇರೆ ದಾರಿ ಇಲ್ಲದೆ ನಾನೂ ಆ ವ್ಯಾಪಾರಿಯ ಹಾಗೇ ಆದೆ. ಅವರು ಏನೇ ಕೂಗಲಿ, ಮನಸ್ಸಿನಲ್ಲಿ ಮೂರು ಪಾಯಿಂಟು ಸೇರಿಸಿಕೊಳ್ಳುತ್ತಿದ್ದೆ. ಎದುರಾಳಿಗಳಿಗೆ ತಿಳಿಯದ ಇಂಥ ಹೊಂದಾಣಿಕೆ ಆಟದ ಧರ್ಮವಲ್ಲ, ಅದು ನೆನಪಾದಾಗೆಲ್ಲ ನನಗೇ ಅಸಹ್ಯವಾಗುತ್ತಿತ್ತು. ಮನೆಯಲ್ಲೂ ಅದೇ ಚಾಳಿ ಹತ್ತಿತು. ಒಂದಿಬ್ಬರು ಊಟಕ್ಕೆ ಬರುತ್ತಾರೆ ಅಂದರೆ ಆರು ಜನಕ್ಕೆ ಅಕ್ಕಿ ಹಾಕುತ್ತಿದ್ದೆ. ಮೈ ಚೂರು ಬೆಚ್ಚಗಿದೆ ಅಂದರೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದೆ. ಎಷ್ಟೋ ಸಲ ನನ್ನ ಅಂದಾಜೇ ಸರಿಯಾಗುತ್ತಿತ್ತು. ಅದರಿಂದ ಸಿಟ್ಟು ಇನ್ನಷ್ಟು ಹೆಚ್ಚುತ್ತಿತ್ತು.

ಎಕ್ಕ ಎಷ್ಟಿವೆ ಎಂದು ನೇರವಾಗಿ ಕೇಳುವುದಕ್ಕೇ ಬ್ರಿಡ್ಜಿನಲ್ಲಿ ಒಂದು ಕೂಗಿದೆ. ಒಮ್ಮೆ ಕೇಳಿದೆ. ಎರಡಿದ್ದರೂ ಒಂದು ಅಂತ ಉತ್ತರ ಕೊಟ್ಟರು. ಆಮೇಲೆ ಹಿಡಿದು ಜಾಡಿಸಿದರೆ, "ಇನ್ನೊಂದು ಕ್ಲಾವರ್ ಎಕ್ಕ ತಾನೇ," ಅಂದರು. ಕ್ಲಾವರ್ ಎಕ್ಕ ಏನು, ಮಲತಾಯಿಯ ಮಗನಾ? ಅವತ್ತಿನಿಂದ ಆ ಪ್ರಶ್ನೆ ಕೇಳುವುದನ್ನೇ ಬಿಟ್ಟೆ.

ಈ ವರ್ಷ ಸೇಲಂನಲ್ಲಿ ಜೋಡಿಗಳ ಪಂದ್ಯ ಇತ್ತು. ಅದಕ್ಕೆ ಮೊದಲು ಕೆಮಿಕಲ್ ಫ್ಯಾಕ್ಟರಿಯಿಂದ ರಿಟೈರ್ ಆದ ಕೆಮಿಸ್ಟ್ ಒಬ್ಬರು, ತಮ್ಮ ಜೊತೆಯವರು ಕಣ್ಣು ಮಂಜಾಗಿ ಆಟ ಬಿಟ್ಟದ್ದರಿಂದ, ಇನ್ನು ಮೇಲೆ ನನ್ನ ಜೊತೆ ಕೂರುತ್ತೀರಾಮ್ಮ ಎಂದು ನನ್ನನ್ನು ಕೇಳಿದ್ದರು. ಒಪ್ಪಿದರೆ ಇಷ್ಟು ವರ್ಷದ ನಮ್ಮ ಜೋಡಿ ಮುರಿಯುತ್ತದೆ. ನಾನು ಯಜಮಾನರಿಗೆ ಊಟದ ತಟ್ಟೆಯ ಮುಂದೆಯೇ ಹೇಳಿಬಿಟ್ಟೆ.

"ಸೇಲಂನಾಗೆ ಕೈಯಾಗೆ ಎಷ್ಟ್ ಐತೋ ಅಷ್ಟ್ ಕೂಗು ಮಾವ. ಒಂದ್ ಚೂರ್ ಕಮ್ಮಿ ಆದ್ರೂ ನಾನ್ ಆ ಕೆಮಿಸ್ಟ್ ಜೊತೆ ಕೂತ್ಕತೀನಿ. ಇದೇ ಕಡೇ."

ಅವರು ಮೊಸರನ್ನ ಬಳಿದು ತಿಂದು, ಬೆರಳು ನೆಕ್ಕಿ, "ಆಯ್ತು" ಅಂದರು. ನಾನು ನಂಬಲಿಲ್ಲ.

ಪಂದ್ಯ ನಡೆದದ್ದು ಒಂದು ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ. ಫಿನೈಲ್ ಹಾಕಿ ಒರೆಸಿದ್ದರೂ ಹಿಂದಿನ ದಿನದ ಸಾಂಬಾರಿನ ಹುಳಿ ವಾಸನೆ ಹೋಗಿರಲಿಲ್ಲ. ಅಲ್ಲಿ ಬಾಯಿಂದ ಕೂಗುವಂತಿಲ್ಲ, ಪ್ರತಿಯೊಂದು ಕೂಗಿಗೂ ಅಚ್ಚು ಹಾಕಿದ ಚೀಟಿ ಇರುತ್ತದೆ, ಅದನ್ನು ತೆಗೆದು ಮುಂದಿಡಬೇಕು. ಯಜಮಾನರು ಬೆಳಿಗ್ಗೆಯಿಂದ ಬೆವರುತ್ತಿದ್ದರು. ಅಂಗೈ ಪ್ಯಾಂಟಿಗೆ ಒರೆಸುವುದು, ಚೀಟಿ ತೆಗೆಯುವುದು, ಮತ್ತೆ ಒರೆಸುವುದು. ಅವರು ಮುಟ್ಟಿದ ಚೀಟಿಯ ಮೇಲೆ ಒದ್ದೆ ಗುರುತು. ಪಕ್ಕದಲ್ಲಿದ್ದ ಎದುರಾಳಿ ಹೆಂಗಸು ಸೀರೆ ಸರಿಮಾಡಿಕೊಂಡು ಕುರ್ಚಿಯನ್ನು ಆಚೆಗೆ ಎಳೆದುಕೊಂಡಳು. ಹೇಸಿಗೆಯಿಂದ ನನಗೆ ತಲೆಯೆತ್ತಲು ಆಗಲಿಲ್ಲ. ಬೆಳಗಿನ ಆಟದಲ್ಲಿ ಒಳ್ಳೆಯ ಎಲೆಯೆಲ್ಲ ಬೇರೆಯವರಿಗೇ ಬಂದವು, ನಾವು ಹೆಚ್ಚಾಗಿ ಪಾಸ್ ಅನ್ನುತ್ತಲೇ ಕಳೆದೆವು.

ಮಧ್ಯಾಹ್ನ ಊಟವಾದ ಮೇಲೆ ಆ ಕೈ ಬಂತು. ನನ್ನ ಹತ್ತಿರ ಇಸ್ಪೇಟಿನ ಎಕ್ಕ, ರಾಜ, ರಾಣಿ, ಡೈಮನ್ ಎಕ್ಕ, ರಾಣಿ, ಆರ್ಟಿನ್ ರಾಜ. ಎಲ್ಲ ಸೇರಿ ಹದಿನೆಂಟು ಪಾಯಿಂಟು. ಒಂದು ಇಸ್ಪೇಟು ಎಂದು ಚೀಟಿ ಇಟ್ಟೆ. ಯಜಮಾನರು ಅಂಗೈ ಒರೆಸಿಕೊಂಡು ಮೂರು ಇಸ್ಪೇಟು ಇಟ್ಟರು. ಒಪ್ಪಂದದ ಪ್ರಕಾರ ಅದು ಹನ್ನೊಂದರ ಆಸುಪಾಸು. ಹದಿನೆಂಟಕ್ಕೆ ಹನ್ನೊಂದು ಸೇರಿದರೆ ನಾಲ್ಕು ಇಸ್ಪೇಟು ಕೂಗಿ ಹತ್ತು ಸುತ್ತು ಗೆದ್ದು ಆರಾಮಾಗಿ ಇರಬಹುದು.

ಆದರೆ ಇವರೇ ಮೂರು ಇಟ್ಟಿದ್ದಾರೆ ಅಂದರೆ ಒಳಗೆ ಎಷ್ಟಿರಬೇಕು! ಹದಿನಾಲ್ಕೋ ಹದಿನೈದೋ ಇದ್ದೇ ಇರುತ್ತದೆ ಎಂದುಕೊಂಡೆ. ನನ್ನ ಹತ್ತಿರ ಕ್ಲಾವರ್ ಅಂತ ಇದ್ದದ್ದು ಎರಡು ಪುಡಿ ಎಲೆ, ಅದರ ಎಕ್ಕವನ್ನು ಇವರು ಎಂದಿನ ಹಾಗೆ ಎಲ್ಲೋ ತುರುಕಿರುತ್ತಾರೆ. ಎಕ್ಕ ಎಷ್ಟು ಎಂದು ಕೇಳಲಿಲ್ಲ. ಕೇಳಿ ಇನ್ನೊಂದು ಸುಳ್ಳು ಯಾಕೆ ಹೇಳಿಸಲಿ? ಆರು ಇಸ್ಪೇಟು ಇಟ್ಟೆ. ಹದಿಮೂರರಲ್ಲಿ ಹನ್ನೆರಡು ಸುತ್ತು ಗೆಲ್ಲುತ್ತೇನೆ ಅನ್ನುವ ಕೂಗು ಅದು. ಯಜಮಾನರು ನನ್ನ ಮುಖ ನೋಡಿದರು. ಆಟದಲ್ಲಿ ಹಾಗೆ ನೋಡಬಾರದು. ನಾನು ಕಣ್ಣು ಬಿಟ್ಟು ಹೆದರಿಸಿದೆ.

ಎದುರಾಳಿ ಹೆಂಗಸು ಕ್ಲಾವರ್ ಎಕ್ಕ ಇಳಿಸಿದಳು.

ಯಜಮಾನರು ತಮ್ಮ ಎಲೆಗಳನ್ನು ಮೇಜಿನ ಮೇಲೆ ಒಂದೊಂದಾಗಿ ಬಿಡಿಸಿಟ್ಟರು. ಇಸ್ಪೇಟು ನಾಲ್ಕು, ಗುಲಾಮ ಸೇರಿ. ಆರ್ಟಿನ್ ರಾಣಿ, ಗುಲಾಮ. ಡೈಮನ್ ರಾಜ, ಗುಲಾಮ. ಕ್ಲಾವರ್ ರಾಣಿ, ಗುಲಾಮ. ಮನಸ್ಸಿನಲ್ಲೇ ಕೂಡಿದೆ, ಹನ್ನೊಂದು. ನಂಬಿಕೆಯಾಗದೆ ಮತ್ತೆ ಕೂಡಿದೆ. ಹನ್ನೊಂದೇ. ಆ ಹೆಂಗಸು ಕ್ಲಾವರ್ ರಾಜನನ್ನೂ ಹಾಕಿದಳು. ಮೂರನೆಯದಾಗಿ ಆರ್ಟಿನ್ ಎಕ್ಕ ಬಂತು. ಉಳಿದ ಹತ್ತೂ ನನ್ನವು, ಅದರಿಂದ ಯಾರಿಗೇನು ಬಂತು? ಹನ್ನೆರಡು ಅಂದವಳು ಹತ್ತಕ್ಕೆ ಬಿದ್ದಿದ್ದೆ. ಪಂದ್ಯದಲ್ಲಿ ಎಲ್ಲ ಮೇಜಿಗೂ ಅವೇ ಎಲೆ ಹೋಗುತ್ತವೆ, ಬಾಕಿ ಜೋಡಿಗಳೆಲ್ಲ ಅದೇ ಎಲೆಗಳಲ್ಲಿ ನಾಲ್ಕು ಕೂಗಿ ಗೆದ್ದಿದ್ದರು.

"ಇಷ್ಟೇನಾ?" ಎಂದು ಕೇಳಿಬಿಟ್ಟೆ, ಎಲ್ಲರ ಮುಂದೆ.

"ಮೂರು ಅಂದ್ನಲ್ಲ," ಅಂದರು. "ಮೂರಕ್ಕೆ ಎಷ್ಟ್ ಇರ್ಬೇಕೋ ಅಷ್ಟೇ ಐತೆ."

ವಾಪಸ್ಸು ಬರುವಾಗ ಬಸ್ಸು ಓಮಲೂರು ದಾಟಿತು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ಗೊತ್ತಾಗಲಿಲ್ಲ. ನಾನೇ ಶುರು ಮಾಡಿದೆ.

"ಇಷ್ಟ್ ವರ್ಷ ಸುಳ್ ಏಳಿ, ಇವತ್ತೊಂದಿನ ನಿಜ ಏಳಿದ್ರೆ ನಂಗ್ ಎಂಗೆ ಗೊತ್ತಾಯ್ತದೆ ಮಾವ?"

ಅವರು ಕಿಟಕಿಯ ಕಡೆಗೇ ತಿರುಗಿ ಹೇಳಿದರು. "ನಿಜ ಏಳಕ್ಕೆ ಬೆಳಿಗ್ಗೆಯಿಂದ ನಂಗ್ ಎಷ್ಟ್ ಭಯ ಆಗಿತ್ತು ಗೊತ್ತಾ ನಿಂಗೆ? ಅಂಗೈ ಒರ್ಸಿ ಒರ್ಸಿ ಸಾಕಾಯ್ತು. ನೀನ್ ಕೇಳ್ದೆ ಅಂತ ಏಳ್ದೆ." ಆಮೇಲೆ, "ನೀನ್ ಆ ಕೆಮಿಸ್ಟ್ ಜೊತೇಲೇ ಕೂತ್ಕೊ. ನನ್ ಮಾತ್ ಕೇಳಾದ್ ನೀನ್ ಯಾವತ್ತೋ ಬುಟ್ಟಿದೀಯ," ಅಂದರು.

ಬೇಡ ಅನ್ನಬೇಕಾಗಿತ್ತು. ನಾನು ಹಟದವಳು, ಆಯ್ತು ಅಂದೆ.

ಕೆಮಿಸ್ಟ್ ಒಳ್ಳೆಯ ಆಟಗಾರರು. ಇದ್ದದ್ದನ್ನು ಇದ್ದ ಹಾಗೆ ಕೂಗುತ್ತಾರೆ, ಕಿವಿ ಕೆರೆಯುವುದಿಲ್ಲ. ನನಗೆ ಅವರ ಜೊತೆ ಆಡುವುದು ಬ್ಯಾಂಕಿನಲ್ಲಿ ಕೂತ ಹಾಗೆ ಅನ್ನಿಸುತ್ತದೆ. ಯಜಮಾನರಿಗೂ ಒಬ್ಬರು ಸಿಕ್ಕಿದ್ದಾರೆ, ಅಣೆಕಟ್ಟೆಯ ಆಫೀಸಿನ ಗುಮಾಸ್ತೆ, ಈಗಷ್ಟೇ ಆಟ ಕಲಿತವಳು.

ಹೋದ ಭಾನುವಾರ ಅವರಿಬ್ಬರೂ ನಮಗೆ ಎದುರಾಳಿಗಳಾಗಿ ಕೂತರು. ಯಜಮಾನರು ಒಂದು ನೋ ಟ್ರಂಪ್ ಅಂದರು, ಅಂದರೆ ಯಾವ ಜಾತಿಯೂ ತುರುಪಲ್ಲದ ಆಟ. ಹದಿನೈದರಿಂದ ಹದಿನೇಳು ಇದ್ದರೆ ಮಾತ್ರ ಅನ್ನುವ ಕೂಗು. ಅಭ್ಯಾಸಬಲ, ನಾನು ಮನಸ್ಸಿನಲ್ಲಿ ಮೂರು ಸೇರಿಸಿಕೊಂಡೆ. ಆ ಹುಡುಗಿ ಏನನ್ನೂ ಸೇರಿಸಲಿಲ್ಲ. ತನ್ನ ಎಲೆ ಎಣಿಸಿ, ಅವರು ಹೇಳಿದ್ದನ್ನು ಅಷ್ಟಕ್ಕೇ ತೆಗೆದುಕೊಂಡು, ಮೂರು ನೋ ಟ್ರಂಪ್ ಅಂದು ಸುಮ್ಮನಾದಳು. ಆಟ ಮುಗಿಯುವ ಹೊತ್ತಿಗೆ ಯಜಮಾನರ ಎಲೆಗಳೆಲ್ಲ ಮೇಜಿನ ಮೇಲೆ ಬಿದ್ದಿದ್ದವು. ಹದಿನಾರು ಪಾಯಿಂಟು ಇತ್ತು. ಅವರ ಕೈ ಒಂದು ಚೂರೂ ಬೆವರಿರಲಿಲ್ಲ.