ದೀಪದ ಬೆಳಕಿಗೊಂದು ಕಣ್ಣು

ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಮೂವತ್ತನಾಲ್ಕು ವರ್ಷಗಳಿಂದ ಕಣ್ಣು ಬರೆಯುತ್ತಿದ್ದ ಹೆಂಗಸನ್ನು ಬೀದಿಯವರೆಲ್ಲ ಕಣ್ಣಮ್ಮ ಎನ್ನುತ್ತಿದ್ದರು. ಒಂದು ಕಣ್ಣು ಕಳೆದುಕೊಂಡವರಿಗೆ ಆಕೆ ಉಳಿದದ್ದಕ್ಕೆ ಜೋಡಿಯಾಗುವ ಕೃತಕ ಕಣ್ಣು ಮಾಡಿಕೊಡುತ್ತಿದ್ದಳು. ಅದರಿಂದ ಏನೂ ಕಾಣುವುದಿಲ್ಲ, ನಿಜ. ಆದರೆ ಎದುರಿಗಿರುವವರು ಅಳುಕಿಲ್ಲದೆ ಮುಖ ನೋಡಬಹುದು. ಒಂದು ಕಣ್ಣಿಗೆ ನಾಲ್ಕು ದಿನ. ಮೊದಲ ದಿನವಂತೂ ಕುಂಚ ಮುಟ್ಟುತ್ತಲೇ ಇರಲಿಲ್ಲ. ಬಂದವರನ್ನು ಕೂರಿಸಿಕೊಂಡು ಹರಟೆ ಹೊಡೆಯುತ್ತಿದ್ದಳು.

ಇದನ್ನು ನೋಡಿ ತಲೆ ಚಿಟ್ಟು ಹಿಡಿಯುತ್ತಿದ್ದದ್ದು ಅವಳ ತಂಗಿಯ ಮಗಳಿಗೆ. ಕೆಲಸ ಕಲಿಯಲು ಬಂದು ಎರಡು ವರ್ಷವಾಗಿತ್ತು. ದೊಡ್ಡಮ್ಮ ಅವಳನ್ನು ಕರೆಯುತ್ತಿದ್ದದ್ದೇ ಗಡಿಬಿಡಿ ಎಂದು. ಗಡಿಬಿಡಿ ಹಟ ಹಿಡಿದು ಒಂದು ಯಂತ್ರ ತರಿಸಿದ್ದಳು. ಒಳ್ಳೆಯ ಕಣ್ಣಿನ ಫೋಟೊ ಕೊಟ್ಟರೆ ಒಂದೇ ಗಂಟೆಯಲ್ಲಿ ತದ್ರೂಪು ಅಚ್ಚಾಗಿ ಬರುತ್ತಿತ್ತು. ದೊಡ್ಡಮ್ಮನಿಗೆ ಆ ಯಂತ್ರ ಕನ್ನಡಕ ಇಡುವ ಜಾಗವಾಗಿತ್ತು, ಅಷ್ಟೇ.

ದೊಡ್ಡಮ್ಮ ಹಲ್ಲು ಕೀಳಿಸಲು ಹೋಗಿದ್ದ ದಿನವೇ ಗಡಿಯಾರ ರಿಪೇರಿಯವನು ಬಂದ. ಎಂಟು ತಿಂಗಳ ಹಿಂದೆ ಸ್ಪ್ರಿಂಗ್ ಸಿಡಿದು ಅವನ ಬಲಗಣ್ಣು ಹೋಗಿತ್ತು.

"ನಾಲ್ಕು ದಿನ ಎಲ್ಲಿಂದ ತರಲಿ ತಾಯಿ, ಅಂಗಡಿ ಬಾಗಿಲು ಹಾಕ್ಕೊಂಡು ಬಂದಿದ್ದೀನಿ," ಎಂದ.

ಗಡಿಬಿಡಿಗೂ ಅಷ್ಟೇ ಬೇಕಿತ್ತು. ಕಿಟಕಿಯ ಬಿಸಿಲಿಗೆ ಕೂರಿಸಿ ಫೋಟೊ ತೆಗೆದಳು. ಗಂಟೆಯೊಳಗೆ ಕಣ್ಣು ಸಿದ್ಧವಾಯಿತು, ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ದೊಡ್ಡಮ್ಮ ಬಂದಾಗ ಬೀಗುತ್ತಾ ಹೇಳಿಕೊಂಡಳು. ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದ ದೊಡ್ಡಮ್ಮ ಕನ್ನಡಕ ತೆಗೆದು ಆ ಯಂತ್ರದ ಮೇಲೆ ಇಟ್ಟಳು.

ವಾರ ಕಳೆಯುವುದರೊಳಗೆ ಅವನ ಹೆಂಡತಿ ಅವನನ್ನು ಕರೆದುಕೊಂಡು ಬಂದಳು. ಗಂಡನ ಪಕ್ಕಕ್ಕೆ ಕೂತು, ಅವನ ಮುಖ ನೋಡದೆಯೇ ಮಾತಾಡಿದಳು.

"ಎಂಟು ತಿಂಗಳು ಖಾಲಿ ಕಣ್ಣು ನೋಡೋಕಾಗದೆ ಪಕ್ಕದಲ್ಲೇ ಕೂತು ಉಂಡೆ. ಈಗ ಹಗಲು ಏನೂ ಗೊತ್ತಾಗಲ್ಲಮ್ಮ. ಸಂಜೆ ದೀಪ ಹಾಕಿ ಎದುರಿಗೆ ಕೂತ್ರೆ ಯಾರೋ ಬೇರೆಯವರು ನೋಡ್ತಿರೋ ಹಾಗಾಗತ್ತೆ. ಮುಖ ನೋಡದೆ ಸಂಸಾರ ಮಾಡೋದು ಹೇಗೆ ಹೇಳಿ."

ಗಂಡ ನೆಲ ನೋಡುತ್ತಿದ್ದ. ಗಡಿಬಿಡಿ ಫೋಟೊ ತಂದು ಹಿಡಿದಳು. "ಎಲ್ಲಾ ಸರಿಯಾಗೇ ಇದೆಯಲ್ಲ ದೊಡ್ಡಮ್ಮ."

"ಸರಿಯಾಗೇ ಇದೆ," ಎಂದಳು ದೊಡ್ಡಮ್ಮ. ಆಮೇಲೆ ಗಂಡಹೆಂಡತಿಯ ಕಡೆ ತಿರುಗಿ, "ನೀವು ಊಟಕ್ಕೆ ಕೂತಾಗ ಹಾಕೋ ದೀಪ ನಾಳೆ ತರ್ತೀರಾ?" ಎಂದು ಕೇಳಿದಳು.

ಮರುದಿನ ಪರದೆ ಎಳೆದು ಆ ದೀಪ ಹಾಕಿದಳು. ಇಬ್ಬರನ್ನೂ ಎದುರುಬದುರು ಕೂರಿಸಿ, ನಲ್ಲಿ ನೀರು, ಪಕ್ಕದ ಮನೆಯ ಬೆಕ್ಕು ಎಂದು ಮಾತಿಗೆಳೆದಳು. ದೊಡ್ಡಮ್ಮನ ದೃಷ್ಟಿ ಮಾತ್ರ ಅವನ ಎಡಗಣ್ಣು ಬಿಟ್ಟು ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಗಡಿಬಿಡಿಯನ್ನು ಹತ್ತಿರಕ್ಕೆಳೆದು, "ಪಾಪೆ ನೋಡೇ," ಎಂದು ಪಿಸುಗುಟ್ಟಿದಳು.

ಬಿಸಿಲಲ್ಲಿ ಸಾಸಿವೆಯಷ್ಟಿದ್ದ ಕಪ್ಪು ಈಗ ಮೆಣಸಿನ ಕಾಳಿನಷ್ಟಾಗಿತ್ತು. ಅಚ್ಚಾದ ಕಣ್ಣಿನಲ್ಲಿ ಮಾತ್ರ ಅದೇ ಸಾಸಿವೆ.

"ಬೀದೀಲಿ ಹೇಗೆ ಕಂಡ್ರೂ ನಡೆಯತ್ತೆ. ಅವನ ಮುಖ ಬೇಕಾಗಿರೋದು ಇವಳಿಗೆ. ಇವಳು ನೋಡೋ ಹೊತ್ತಲ್ಲಿ ಎಷ್ಟಿರತ್ತೋ ಅಷ್ಟು ಬರೀಬೇಕು."

"ಮೊದಲ ದಿನ ಹರಟೆ ಹೊಡೆಯೋದು ಇದಕ್ಕಾ?"

"ಮತ್ತೆ? ನನಗೇನು ಮಾಡೋಕೆ ಬೇರೆ ಕೆಲಸ ಇಲ್ವಾ?"

ಎರಡು ವರ್ಷ ಅದನ್ನು ಸೋಮಾರಿತನವೆಂದೇ ತಿಳಿದಿದ್ದವಳು ತನ್ನ ಸ್ಟೂಲನ್ನು ದೊಡ್ಡಮ್ಮನ ಪಕ್ಕಕ್ಕೆ ಎಳೆದುಕೊಂಡಳು. ಮುಂದಿನ ಮೂರು ದಿನ ಗಡಿಬಿಡಿ ಸ್ಟೂಲು ಬಿಟ್ಟು ಏಳಲಿಲ್ಲ. ತೆಳುವಾಗಿ ಒಂದು ಪದರ ಬಣ್ಣ, ಒಣಗುವ ತನಕ ಕಾಯುವುದು, ಮೇಲೆ ಇನ್ನೊಂದು ಪದರ. ಬರೀ ಕಂದು ಎಂದುಕೊಂಡಿದ್ದರೊಳಗೆ ಜೇನಿನ ಬಣ್ಣವಿತ್ತು, ತುಕ್ಕಿನ ಬಣ್ಣವಿತ್ತು, ಒಂದು ಮೂಲೆಯಲ್ಲಿ ಹಸಿರೂ ಇತ್ತು. ಕೆಂಪು ರೇಷ್ಮೆ ದಾರವನ್ನು ಸೀಳಿ ಸೀಳಿ, ಬಿಳಿಯ ಮೇಲೆ ರಕ್ತನಾಳಗಳಾಗಿ ಕೂರಿಸುವಾಗ ದೊಡ್ಡಮ್ಮ ಉಸಿರು ಬಿಗಿಹಿಡಿಯುತ್ತಿದ್ದಳು. ಇಷ್ಟೆಲ್ಲ ತನ್ನೆದುರೇ ನಡೆದಿದ್ದರೂ ತಾನು ನೋಡಿಯೇ ಇರಲಿಲ್ಲವಲ್ಲ ಎಂದು ಗಡಿಬಿಡಿ ಬೆರಗಾದಳು. ನಾಚಿಕೆಯೂ ಆಯಿತು.

ನಾಲ್ಕನೆಯ ದಿನ ಸಂಜೆ ಅದೇ ದೀಪ ಹಾಕಿದರು. ಗಡಿಯಾರದವನು ಹೊಸ ಕಣ್ಣು ಹಾಕಿಕೊಂಡು ಕೂತ. ಹೆಂಡತಿ ಎದುರಿಗೆ ಕೂತು, ನಿಧಾನವಾಗಿ ತಲೆ ಎತ್ತಿದಳು. ನೋಡುತ್ತಲೇ ಇದ್ದಳು.

"ಇದೇನ್ರೀ, ಗದ್ದದ ಕೆಳಗೆ ಗಡ್ಡ ಹಾಗೇ ಬಿಟ್ಟಿದ್ದೀರಲ್ಲ," ಎಂದಳು ಹೆಂಡತಿ. "ನಾಲ್ಕು ಜನರ ಎದುರು ಬರೋವಾಗ ಸರಿಯಾಗಿ ಕನ್ನಡಿ ನೋಡ್ಕೊಳ್ಳೋಕಾಗಲ್ವಾ?"

ಗಡಿಯಾರದವನು ಗದ್ದ ಸವರಿಕೊಂಡ.

"ಎಂಟು ತಿಂಗಳಾಗಿತ್ತಮ್ಮ," ಎಂದು ದೊಡ್ಡಮ್ಮನಿಗೆ ಹೇಳಿದ, "ಇವಳು ನನ್ನ ಮುಖ ನೋಡಿ ಬೈದು."

ನೀರು ಅವನ ಎರಡೂ ಕಣ್ಣುಗಳಿಂದ ಇಳಿಯಿತು.