ನಾಲ್ಕನೇ ಜೆರಾಕ್ಸ್

ಶಿಡ್ಲಘಟ್ಟದ ತಾಲ್ಲೂಕು ಕಚೇರಿ ಎದುರು ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ಊರಿನ ಗೋಳೆಲ್ಲ ನನ್ನ ಕೈಯಲ್ಲೇ ‘ಮಾನ್ಯರೇ’ ಎಂದು ಶುರುವಾಗಿ ‘ತಮ್ಮ ವಿಶ್ವಾಸಿ’ ಎಂದು ಮುಗಿಯುತ್ತದೆ. ಇಂಥವನಿಂದ ಎಷ್ಟು ಉಪಯೋಗವಿದೆ ಎಂಬುದು ನನಗಿಂತ ಮೊದಲು ಠಾಣೆಗೆ ಹೊಳೆಯಿತು.

ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಹೆಂಗಸರು ಆ ವಾರ ಒಂದು ಅರ್ಜಿ ಬರೆಸುತ್ತಿದ್ದರು. ಗೂಡು ಬೇಯುವ ನೀರಿನಲ್ಲಿ ದಿನವಿಡೀ ಅದ್ದಿ ಬೆರಳುಗಳು ಕೊಳೆಯುತ್ತಿವೆ, ಕೆಲಸ ನಿಲ್ಲಿಸಿ ಧರಣಿ ಕೂರುತ್ತೇವೆ ಎಂದು. ಅವರ ಮುಂದಾಳನ್ನು ನಾವೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತೇವೆ. ಆಪಾಗೆ ಓದು ಬಾರದು.

ಸಬ್ ಇನ್ಸ್‌ಪೆಕ್ಟರು ನನ್ನನ್ನು ಕರೆಸಿ, ಕೂರಿಸಿ, ಟೀ ಬೇರೆ ತರಿಸಿದರು.

“ನೀನು ನಮ್ಮೋನು ಕಣಪ್ಪ. ಆ ಹೆಂಗಸ್ರು ಏನು ಬರೆಸ್ತಾರೋ ಅದರದ್ದೊಂದು ಜೆರಾಕ್ಸ್ ನಮಗೂ ಹಾಕು. ಯಾರ್ಯಾರು ಬರ್ತಾರೆ ಅಂತ ಹೆಸರು ಹೇಳು. ಅಷ್ಟೇ.”

“ಆಗಲ್ಲ ಅಂದ್ರೆ ಸಾರ್?”

“ಸುಳ್ಳು ಜಾತಿ ಸರ್ಟಿಫಿಕೇಟು ಎಲ್ಲಿ ಪ್ರಿಂಟ್ ಆಗ್ತಾವೆ ಅಂತ ನಾವೂ ಹುಡುಕ್ತಾ ಇದೀವಿ,” ಎಂದು ನಕ್ಕರು.

ನಾನೇನು ವೀರನೇ? ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ. ಮರುದಿನ ಆಪಾ ಮೂರು ಪ್ರತಿ ಕೇಳಿದರು. ನನ್ನದು ಒಂದೊಂದು ಪ್ರತಿಗೂ ಒಂದು ಸಲ ಬೆಳಕು ಹಾಯಿಸುವ ಹಳೇ ಮಿಷನ್. ನಾಲ್ಕು ತೆಗೆದು ಒಂದನ್ನು ಡ್ರಾಯರಿಗೆ ತಳ್ಳಿದೆ. ಠಾಣೆಗೆ ಕೊಡಲೂ ಇಲ್ಲ, ಹರಿದು ಹಾಕಲೂ ಇಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಚಿಂತಾಮಣಿಯ ಒಬ್ಬ ವಕೀಲೆಯ ಅಫಿಡವಿಟ್‌ಗಳನ್ನು ಟೈಪ್ ಮಾಡುವವನು ನಾನೇ. ಅವರಿಗೆ ಫೋನ್ ಮಾಡಿದೆ.

“ಕೇಸಿದ್ರೆ ಸಾಕ್ಷಿ ಅಂತ ಲಿಖಿತ ನೋಟಿಸ್ ಕೊಟ್ಟು ಕರೀಲಿ, ಹೋಗಿ ನಿಜ ಹೇಳಿ. ಇನ್ಫಾರ್ಮರ್ ಆಗು ಅಂತ ಬಲವಂತ ಮಾಡೋಕೆ ಯಾವ ಕಾನೂನೂ ಇಲ್ಲ. ಸುಳ್ಳು ಕೇಸ್ ಹಾಕ್ತೀನಿ ಅಂದ್ರೆ ಎಸ್ಪಿಗೆ ದೂರು ಕೊಡಣ, ಕೋರ್ಟಿಗೂ ಹೋಗಣ. ಅಲ್ಲಾ ರೀ, ಊರಿಗೆಲ್ಲ ಅರ್ಜಿ ಬರ್ಕೊಡ್ತೀರ, ನಿಮಗೊಂದು ಬರ್ಕೊಳ್ಳೋಕೆ ಬರಲ್ವಾ?”

ಎರಡು ದಿನ ಬಿಟ್ಟು ಪೇದೆಯವರು ಜೆರಾಕ್ಸ್ ಕೇಳಲು ಬಂದರು. “ನೋಟಿಸ್ ಕೊಡಿ ಸಾರ್,” ಎಂದೆ. ಹೋದವರು ಮಧ್ಯಾಹ್ನ ಬರಿಗೈಯಲ್ಲಿ ವಾಪಸು ಬಂದರು. ಠಾಣೆಯ ಪ್ರಿಂಟರ್ ಕೆಟ್ಟಿದೆಯಂತೆ. ನನಗೆ ಕೊಡುವ ನೋಟಿಸನ್ನು ನಾನೇ ಟೈಪ್ ಮಾಡಿಕೊಳ್ಳಬೇಕಂತೆ! ಗಿರಾಕಿ ಗಿರಾಕಿಯೇ, ಕೂತೆ.

“ವಿಷಯ ಏನಂತ ಹಾಕ್ಲಿ ಸಾರ್?”

“ಮಾಹಿತಿ ಕೊಡೋ ಬಗ್ಗೆ ಅಂತ ಹಾಕು.”

“ಉಲ್ಲೇಖ? ಯಾವ ಕೇಸು, ನಂಬರ್ ಎಷ್ಟು?”

“ಕೇಸ್ ಎಲ್ಲೈತೆ ಗುರೂ?”

“ಹೋಗ್ಲಿ, ಕೆಳಗಡೆ ಸಹಿ ಯಾರು ಹಾಕ್ತಾರೆ?”

ಪೇದೆಯವರು ಜೇಬಿನಿಂದ ಮೊಬೈಲ್ ತೆಗೆದರು. ಹೊರಗೆ ಹೋಗಿ ಸಾಹೇಬರಿಗೆ ಫೋನ್ ಮಾಡಿದರು. ಆಮೇಲೆ ಒಳಗೆ ಬರಲೇ ಇಲ್ಲ, ಬೈಕ್ ಹತ್ತಿ ಹೊರಟರು. ಹೆದರಿಸಲು ಅಷ್ಟುದ್ದ ಬಾಯಿ ಇದ್ದವರಿಗೆ ಸಹಿ ಹಾಕಲು ಒಂದು ಕೈ ಸಿಗಲಿಲ್ಲ. ನಾನು ಬೀಗಿದೆ.

ಸಂಜೆ ಆಪಾ ಇನ್ನೊಂದು ಅರ್ಜಿ ಹಿಡಿದು ಬಂದರು. ಡ್ರಾಯರಿನ ಪ್ರತಿಯನ್ನು ಅವರ ಕೈಗಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ನಿಜ ಹೇಳಬೇಕೆಂದರೆ, ಹೊಗಳುತ್ತಾರೆಂದು ಕಾದೆ.

ಬೆಂದು ಬಿಳಿಚಿದ ಬೆರಳುಗಳಲ್ಲಿ ಅವರು ಹಾಳೆಯನ್ನು ಮಡಚಿದರು.

“ಗೊತ್ತಣ್ಣಾ. ನಾನು ಕೇಳಿದ್ದು ಮೂರು. ಬೆಳಕು ನಾಲ್ಕು ಸಲ ಹೋಯ್ತು.”

“ಮತ್ತೆ ಇಲ್ಲಿಗೇ ಯಾಕೆ ಬಂದ್ರಿ ಆಪಾ?”

“ಬೇರೆ ಅಂಗಡೀಲಿ ಎಷ್ಟು ಸಲ ಹೋಗುತ್ತೋ ಯಾರಿಗ್ ಗೊತ್ತು.”

ಯಾವಾಗಲೂ ಬೆಂಚಿನ ಮೇಲೆ ಕೂರುತ್ತಿದ್ದವರು ಅವತ್ತು ಮಿಷನ್ ಪಕ್ಕಕ್ಕೇ ಬಂದು ನಿಂತರು.